ಪ್ರೆಸ್ಸಿಗೆ ಇಟ್ಟ ಅರಿಶಿನ

ಹಳೆಯ ಆಲ್ಬಮ್ ದುರಸ್ತಿಯ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನನ್ನು ಮೊದಲು ಕೇಳುವುದು ಯಾವ ಅಂಟು ಒಳ್ಳೆಯದು ಎಂದು. ಅಂಟಿನ ವಿಷಯ ಒಂದು ವಾರದಲ್ಲಿ ಕಲಿಯಬಹುದು. ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಯಲು ಮಾತ್ರ ಇಡೀ ಸರ್ವಿಸ್ ಬೇಕಾಗುತ್ತದೆ. ನನಗೆ ಬೇಕಾಯಿತು. ಅದನ್ನು ಹೇಗೆ ಕಲಿತೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಯಾವ ವರ್ಷ ಬಡ್ತಿ ಸಿಕ್ಕಿತು ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಮೂರು ಜನರಿದ್ದ ಕಾರ್ಯಾಗಾರದಲ್ಲಿ ಬಡ್ತಿ ಎಂದರೆ ಕಿಟಕಿ ಪಕ್ಕದ ಮೇಜು ಸಿಗುವುದು, ಅಷ್ಟೆ.

ನಾನು ಗದಗಿನವಳು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗಳು. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಹೇಳದೆ ಸುಮ್ಮನಿರುವುದಕ್ಕೆ ನಾನು ಅಷ್ಟು ಕಷ್ಟಪಟ್ಟು ಓದಲಿಲ್ಲ. ಅಪ್ಪ ಸಿನಿಮಾ ಪೋಸ್ಟರ್ ಅಂಟಿಸುತ್ತಿದ್ದರು. ಹೆಗಲ ಮೇಲೆ ನಿಚ್ಚಣಿಕೆ, ಕೈಯಲ್ಲಿ ಮೈದಾ ಅಂಟಿನ ಬಕೆಟ್ಟು. ಉಳಿದ ಪೋಸ್ಟರುಗಳು ಮನೆಗೆ ಬರುತ್ತಿದ್ದವು. ಅವುಗಳ ಬೆನ್ನಿಗೆ ನಾನು ರಸಾಯನಶಾಸ್ತ್ರದ ಸಮೀಕರಣ ಬರೆದು ಬಾಯಿಪಾಠ ಮಾಡಿದೆ. ಒಂದು ಬದಿಗೆ ನಾಯಕ ಕತ್ತಿ ಹಿರಿದು ನಿಂತಿರುತ್ತಿದ್ದ, ಇನ್ನೊಂದು ಬದಿಗೆ ಬೆಂಜೀನ್ ಉಂಗುರ ಇರುತ್ತಿತ್ತು. ಹಾಗೆ ಓದಿ ಬಿ.ಎಸ್ಸಿ. ಫಸ್ಟ್ ಕ್ಲಾಸಿನಲ್ಲಿ ಪಾಸಾದೆ.

ಮದುವೆಯಾಗಿ ಗಂಡನ ಕೆಲಸದ ಊರಾದ ಜರ್ಮನಿಯ ಡಾರ್ಮ್‌ಸ್ಟಾಟ್‌ಗೆ ಬಂದಾಗ ನನ್ನ ಡಿಗ್ರಿಯನ್ನು ಇಲ್ಲಿಯ ಕಚೇರಿಯಲ್ಲಿ ಮೇಜಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಸಿದರು, ಅಲ್ಲಿಗೆ ಅದರ ಕತೆ ಮುಗಿಯಿತು. ಲ್ಯಾಬಿನ ಕೆಲಸ ಸಿಗಲಿಲ್ಲ. ಸಿಕ್ಕಿದ್ದು ಟ್ರಾಮ್ ದಾರಿಯ ಕೊನೆಯಲ್ಲಿ ಹೆರ್ ಡೋರ್ನ್‌ಬಾಖ್ ಎಂಬುವರ ಕಾರ್ಯಾಗಾರ. ಚರ್ಚುಗಳ ಹಳೆಯ ಪುಸ್ತಕ, ಮನೆಮನೆಯ ಆಲ್ಬಮ್ ದುರಸ್ತಿ ಮಾಡುವ ಜಾಗ. ಡೋರ್ನ್‌ಬಾಖ್ ಉದ್ದಕ್ಕೆ, ತೆಳ್ಳಗೆ ಇದ್ದ ಮನುಷ್ಯ. ಪರೀಕ್ಷೆಗೆಂದು ಒಂದು ಹರಿದ ಹಾಳೆ, ಒಂದು ಕುಂಚ, ಒಂದು ಬಟ್ಟಲು ಅಂಟು ಮುಂದಿಟ್ಟರು. ಮೂಸಿ ನೋಡಿದೆ. ಗೋಧಿ ಹಿಟ್ಟಿನದು. ಅಪ್ಪನ ಬಕೆಟ್ಟಿನ ವಾಸನೆಯೇ. ಅಂಟಿಸಿ ಕೊಟ್ಟೆ.

ಅವರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಎಲ್ಲಿ ಕಲಿತಿರಿ?" ಎಂದರು.

"ನಮ್ಮ ತಂದೆಯ ಹತ್ತಿರ."

"ಅವರೂ ಇದೇ ವೃತ್ತಿಯವರೇ?"

"ಹೌದು. ಅವರದು ಹೊರಾಂಗಣ ಕೆಲಸ," ಎಂದೆ.

ಊರಿಗೆ ಫೋನ್ ಮಾಡಿದಾಗ ಅಪ್ಪ ಪಕ್ಕದ ಅಂಗಡಿಗೆ ಬಂದು ಮಾತಾಡಿದರು.

"ಏನ ಕೆಲಸ ಯವ್ವಾ?"

"ಹಳೀ ಕಾಗದ ಅಂಟಸೂದು ಅಪ್ಪಾ."

"ಅಲ್ಲಿ ಗ್ವಾಡಿ ಎಷ್ಟ ಎತ್ತರ ಅದಾವ?"

"ಗ್ವಾಡಿಗೆ ಅಲ್ಲಪಾ, ಮೇಜಿನ ಮ್ಯಾಲ ಇಟ್ಟು ಅಂಟಸೂದು."

"ಅಂದ್ರ ನಿಚ್ಚಣಕಿ ಏರೂದಿಲ್ಲ?"

"ಇಲ್ಲ."

"ಹಂಗಾರ ಅಡ್ಡಿಯಿಲ್ಲ ಬಿಡು. ಡಿಗ್ರಿ ಮಾಡಿದ್ದಕ್ಕ ನಿಚ್ಚಣಕಿ ಒಂದಾದ್ರೂ ತಪ್ಪಿತು."

ಫೋನ್ ಇಡುವ ಮೊದಲು ವೃತ್ತಿಯ ಗುಟ್ಟನ್ನೂ ಹೇಳಿಕೊಟ್ಟರು. ಅಂಟಿಗೆ ಒಂದು ಚಿಟಿಕೆ ಮೈಲುತುತ್ತ ಹಾಕಬೇಕು. ನಾನು ರಸಾಯನಶಾಸ್ತ್ರ ಓದಿದವಳು, ಹಳೆಯ ಕಾಗದಕ್ಕೆ ತಾಮ್ರ ತಾಗಿಸಬಾರದು ಎಂಬುದು ಗೊತ್ತಿರಬೇಕಾಗಿತ್ತು. ಆದರೆ ಹೇಳಿದವರು ಅಪ್ಪ. ಪ್ರಯೋಗಕ್ಕೆಂದು ಒಂದು ಬಟ್ಟಲಲ್ಲಿ ಹಾಕಿ ಕಲಸಿದೆ. ಡೋರ್ನ್‌ಬಾಖ್ ಬಟ್ಟಲನ್ನು ಬೆಳಕಿಗೆ ಹಿಡಿದರು.

"ಫ್ರಾವ್ ಹೊಸಮನಿ, ಇದು ಯಾಕೆ ನೀಲಿಯಾಗಿದೆ?" ಇಲ್ಲಿ ಶ್ರೀಮತಿಗೆ ಫ್ರಾವ್, ಶ್ರೀಮಾನ್‌ಗೆ ಹೆರ್ ಎನ್ನುತ್ತಾರೆ.

"ಎಮ್ಮೆ ತಿನ್ನಬಾರದು ಅಂತ."

ಅವರು ಎದ್ದು ಹೋಗಿ ಕಿಟಕಿ ತೆರೆದು ಟ್ರಾಮ್ ದಾರಿಯನ್ನು ಎರಡೂ ಕಡೆ ನೋಡಿದರು. ಕಿಟಕಿ ಮುಚ್ಚಿ, "ಈ ಭಾಗದಲ್ಲಿ ಸದ್ಯಕ್ಕೆ ಕಡಿಮೆ," ಎಂದು ಬಟ್ಟಲನ್ನು ತೊಳೆಯಲು ಕೊಟ್ಟರು.

ಅವರು ಬೈಯುತ್ತಿದ್ದುದೇ ಹೀಗೆ. ನನ್ನ ಜೀವನದಲ್ಲಿ ಕಂಡ ಮೇಲಧಿಕಾರಿಗಳಲ್ಲಿ ಇವರಷ್ಟು ಮೆತ್ತಗೆ ಮರ್ಯಾದೆ ತೆಗೆದವರು ಇನ್ನೊಬ್ಬರಿಲ್ಲ. ಅವರಿಗೆ ಮೂರು ನಿಯಮಗಳಿದ್ದವು. ಕೆಲಸದ ಕೋಣೆಗೆ ತಿನ್ನುವ ವಸ್ತು ಬರಕೂಡದು. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸಕೂಡದು. ಗಿರಾಕಿಗಳ ಸಂಸಾರದ ಬಗ್ಗೆ ಅಭಿಪ್ರಾಯ ಕೊಡಕೂಡದು. ಮೊದಲಿನವೆರಡನ್ನು ಬೇಗ ರೂಢಿಸಿಕೊಂಡೆ. ಮೂರನೆಯದು ನಮ್ಮ ಕಡೆಯವರಿಗೆ ಆಗಿಬರುವ ಮಾತಲ್ಲ. ಒಬ್ಬ ಹೆಂಗಸು ಮಗಳ ಮದುವೆಯ ಆಲ್ಬಮ್ ತಂದು, ಬಿಟ್ಟುಹೋದ ಅಳಿಯನ ಫೋಟೊಗಳನ್ನೆಲ್ಲ ಕಲೆ ಉಳಿಯದ ಹಾಗೆ ಬಿಡಿಸಿಕೊಡಿ ಎಂದಳು. ನಾನು ಫೋಟೊ ನೋಡಿ, "ಒಳ್ಳೆಯವನ ಹಾಗೆ ಕಾಣುತ್ತಾನಲ್ಲ," ಎಂದುಬಿಟ್ಟೆ. ಆಕೆ ಅಲ್ಲೇ ಕೂತು ಅತ್ತು, ಆಲ್ಬಮ್ ಎತ್ತಿಕೊಂಡು ಹೊರಟುಹೋದಳು. ಮಾರನೆಯ ದಿನ ಡೋರ್ನ್‌ಬಾಖ್ ಮೂರನೆಯ ನಿಯಮವನ್ನು ದೊಡ್ಡ ಅಕ್ಷರದಲ್ಲಿ ಬರೆದು ನನ್ನ ಮೇಜಿನ ಎದುರಿಗೆ ಅಂಟಿಸಿದ್ದರು. ಅಂಟು ಸರಿಯಾಗಿ ಹಿಡಿದಿರಲಿಲ್ಲ, ನಾನೇ ಮತ್ತೆ ಅಂಟಿಸಿಕೊಂಡೆ.

ಈಗ ಆಯುಧ ಪೂಜೆಯ ವಿಷಯಕ್ಕೆ ಬರುತ್ತೇನೆ. ಸೇರಿದ ಮೊದಲ ವರ್ಷವೇ ಹಬ್ಬದ ದಿನ ಕತ್ತರಿ, ಕುಂಚ, ಹಾಳೆ ಒತ್ತುವ ಕಬ್ಬಿಣದ ಪ್ರೆಸ್ಸು ಎಲ್ಲಕ್ಕೂ ಅರಿಶಿನದ ಬೊಟ್ಟಿಟ್ಟು ಹೂವು ಏರಿಸಿದೆ. ವರ್ಷವಿಡೀ ದುಡಿದ ಸಾಮಾನಿಗೆ ಒಂದು ದಿನವೂ ಕೈ ಮುಗಿಯದಿದ್ದರೆ ನನಗೆ ಸಮಾಧಾನವಿರುತ್ತಿರಲಿಲ್ಲ. ಡೋರ್ನ್‌ಬಾಖ್ ಬಂದು ನೋಡಿ, ಎಲ್ಲ ವಿಚಾರಿಸಿಕೊಂಡು, ತೀರ್ಪು ಕೊಟ್ಟರು. ಬೆಂಕಿ ಇಲ್ಲ, ಊದಿನಕಡ್ಡಿ ಇಲ್ಲ, ಬಾಳೆಹಣ್ಣು ಮೊದಲನೆಯ ನಿಯಮದ ಪ್ರಕಾರ ಇಲ್ಲ. ಹೂವು, ಅರಿಶಿನಕ್ಕೆ ಅಡ್ಡಿಯಿಲ್ಲ. ಕೆಲಸ ಶುರುವಾಗುವ ಮೊದಲು ಒರೆಸಬೇಕು. ಬರಬರುತ್ತ ಹಬ್ಬದ ಹಿಂದಿನ ಸಂಜೆ ಅವರೇ ನಿಂತು ಪ್ರೆಸ್ಸಿಗೆ ಎಣ್ಣೆ ಬಿಟ್ಟು ಉಜ್ಜತೊಡಗಿದರು. ಒಂದು ವರ್ಷ ತೆರಿಗೆ ಲೆಕ್ಕದ ಕ್ಯಾಲ್ಕ್ಯುಲೇಟರನ್ನೂ ತಂದಿಟ್ಟು, "ಇದಕ್ಕೆ ಸ್ವಲ್ಪ ದೊಡ್ಡದಿರಲಿ," ಎಂದರು.

ಹೀಗೆ ಎಲ್ಲ ಸುಸೂತ್ರವಾಗಿ ನಡೆದಿದ್ದಾಗ ಅಣ್ಣ ತಂಗಿಯ ಆಲ್ಬಮ್ ಬಂತು.

ತಂಗಿ ಫ್ರಾವ್ ಟ್ರೂಡ, ಕಿಂಡರ್‌ಗಾರ್ಟನ್‌ನಲ್ಲಿ ಟೀಚರಾಗಿದ್ದು ನಿವೃತ್ತಳಾದವಳು. ಅಣ್ಣ ಹೆರ್ ಹೋರ್ಸ್ಟ್, ಟ್ರಾಮ್ ಓಡಿಸಿ ನಿವೃತ್ತನಾದವನು. ತಾಯಿ ಸತ್ತ ಮೇಲೆ ಇಬ್ಬರಿಗೂ ಮಾತಿಲ್ಲ. ತಂಗಿ ಮಂಗಳವಾರ ಬರುವಳು, ಅಣ್ಣ ಗುರುವಾರ. ಅವನು ಕೆಲಸದಲ್ಲಿದ್ದಷ್ಟು ಕಾಲ ಅವನು ಓಡಿಸುವ ಟ್ರಾಮ್ ಬಂದರೆ ಇವಳು ಹತ್ತದೆ ಮುಂದಿನದಕ್ಕೆ ಕಾಯುತ್ತಿದ್ದಳಂತೆ. ಗುರುವಾರ ಅವನು ನನ್ನ ಹತ್ತಿರ, "ಮಳೆಯಲ್ಲಿ ನಿಂತಿರುತ್ತಿದ್ದಳು. ನಾನು ಬೇಕೆಂದೇ ಬಾಗಿಲು ತೆರೆದು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿಸುತ್ತಿದ್ದೆ. ಹತ್ತಲಿಲ್ಲ. ಗಂಟೆ ಬಾರಿಸಿ ಹೊರಡುತ್ತಿದ್ದೆ," ಎಂದ.

ಜಗಳ ಒಂದೇ ಆಲ್ಬಮ್ಮಿನದು. ಅವರ ತಾಯಿ ಎರಡನೆಯ ಮಹಾಯುದ್ಧಕ್ಕೆ ಮೊದಲು ಕಿಂಡರ್‌ಗಾರ್ಟನ್ ಟೀಚರ್ ಆಗಲು ತರಬೇತಿ ಪಡೆದವಳು. ಆ ಕಾಲದ ತರಬೇತಿಯಲ್ಲಿ ಹುಡುಗಿಯರು ಮಾಡಿದ ಕೈಕೆಲಸವನ್ನೆಲ್ಲ ಆಲ್ಬಮ್ಮಿಗೆ ಅಂಟಿಸಿ ಒಪ್ಪಿಸಬೇಕಿತ್ತು. ಬಣ್ಣದ ಕಾಗದದ ಪಟ್ಟಿಗಳನ್ನು ಚಾಪೆಯ ಹಾಗೆ ಹೆಣೆದದ್ದು, ಮಡಚಿ ಮಾಡಿದ ದೋಣಿ, ಸೂಜಿಯಿಂದ ತೂತು ಚುಚ್ಚಿ ಬಿಡಿಸಿದ ಹಕ್ಕಿ, ಪಕ್ಕದಲ್ಲಿ ಮೇಡಮ್ಮಿನ ಪೆನ್ಸಿಲಿನ ಷರಾ. ಆಮೇಲೆ ಯುದ್ಧ ಬಂತು. ಗಂಡ ಸೈನ್ಯದ ಬೇಕರಿಯಲ್ಲಿ ಬ್ರೆಡ್ ಸುಡುವ ಕೆಲಸಕ್ಕೆ ಹೋದ. ಅವನು ಕಳಿಸಿದ ಫೋಟೊ ಅಂಟಿಸಲು ಹೊಸ ಆಲ್ಬಮ್ ಎಲ್ಲಿಯೂ ಸಿಗಲಿಲ್ಲ. ಹಾಗಾಗಿ ಆಕೆ ತನ್ನ ಆಲ್ಬಮ್ಮಿನ ಹಾಳೆಗಳ ಹಿಂಬದಿಗೇ ಅಂಟಿಸುತ್ತ ಹೋದಳು. ಒಂದು ಬದಿಗೆ ಹೆಂಡತಿಯ ಕಾಗದದ ಚಾಪೆ, ಇನ್ನೊಂದು ಬದಿಗೆ ಗಂಡನ ಯುದ್ಧ.

ತಂಗಿಗೆ ಅಮ್ಮನ ಬದಿ ಬೇಕು, ತಾನು ಈಗಲೂ ಹೋಗಿಬರುವ ಕಿಂಡರ್‌ಗಾರ್ಟನ್‌ನಲ್ಲಿ ಮಕ್ಕಳಿಗೆ ತೋರಿಸಲು. "ಆ ಸಮವಸ್ತ್ರವನ್ನು ಮಕ್ಕಳ ಕೋಣೆಗೆ ತರಲಾರೆ. ಅಪ್ಪ ಬ್ರೆಡ್ಡೇ ಸುಟ್ಟಿರಬಹುದು. ಆ ಬ್ರೆಡ್ಡು ತಿಂದವರು ಏನು ಮಾಡುತ್ತಿದ್ದರು ಎಂದು ಎಲ್ಲರಿಗೂ ಗೊತ್ತು," ಎಂದಳು ಅವಳು. ಅಣ್ಣನಿಗೆ ಅಪ್ಪನ ಬದಿ ಬೇಕು. "ಗೊತ್ತು. ಗೊತ್ತಿದ್ದೇ ಇಟ್ಟುಕೊಳ್ಳುತ್ತೇನೆ. ಅವಳ ನೆಲಮಾಳಿಗೆಯಲ್ಲಿ ಕೊಳೆಯಲು ಬಿಡುವುದಿಲ್ಲ," ಎಂದ ಅವನು. ಇಬ್ಬರಿಗೂ ಬೇಕಾದದ್ದು ಒಂದೇ ಹಾಳೆಯ ಎರಡು ಮುಖ.

ಇದಕ್ಕೆ ನಮ್ಮ ವೃತ್ತಿಯಲ್ಲಿ ಉಪಾಯವಿದೆ. ಹಾಳೆಯನ್ನು ಅದರ ದಪ್ಪದಲ್ಲೇ ಎರಡಾಗಿ ಸೀಳುವುದು. ಎರಡೂ ಮುಖಕ್ಕೆ ಜೆಲಾಟಿನ್ ಅಂಟಿನಿಂದ ಬಟ್ಟೆ ಹಚ್ಚಿ, ಒಣಗಿಸಿ, ಎರಡು ಕಡೆಗೆ ಎಳೆದರೆ ಹಾಳೆ ನಡುವೆ ಬಿಟ್ಟುಕೊಳ್ಳುತ್ತದೆ. ಆಮೇಲೆ ಬೆಚ್ಚನೆಯ ನೀರಲ್ಲಿ ಅಂಟು ಕರಗಿಸಬೇಕು. ಚೆನ್ನಾಗಿ ಆದರೆ ಜಾದೂ. ಕೆಟ್ಟರೆ ಇಬ್ಬರಿಗೂ ಚಿಂದಿ. ಅವರ ತಾಯಿಯದೆಂದು ಉಳಿದಿದ್ದ ಒಂದೇ ವಸ್ತು ಈ ಆಲ್ಬಮ್. ಡೋರ್ನ್‌ಬಾಖ್ ಅದನ್ನು ನನ್ನ ಮೇಜಿಗೆ ಕೊಟ್ಟರು. ಸ್ವಂತ ಜವಾಬ್ದಾರಿಯಲ್ಲಿ ನಾನು ಮಾಡಬೇಕಾದ ಮೊದಲ ಸೀಳು ಅದು.

ಆಗಷ್ಟೇ ಆಯುಧ ಪೂಜೆ ಮುಗಿದಿತ್ತು. ಪ್ರೆಸ್ಸಿನ ಮೇಲಿನ ಬೊಟ್ಟನ್ನು ಒರೆಸಿದ್ದೆ. ಅದರೊಳಗಿನ ಒತ್ತುಹಲಗೆಗೂ ಆ ಸಲ ಒಂದು ಬೊಟ್ಟು ಇಟ್ಟಿದ್ದೆ ಎಂಬುದು ನೆನಪಿರಲಿಲ್ಲ. ಆಲ್ಬಮ್ಮಿನಿಂದ ಬಿಚ್ಚಿದ ಸೊಟ್ಟ ಹಾಳೆಯೊಂದಕ್ಕೆ ತೇವ ಕೊಟ್ಟು ಪ್ರೆಸ್ಸಿಗೆ ಹಾಕಿದೆ. ಹೊರಗೆ ತೆಗೆದಾಗ ಕಂದು ಕಾಗದದ ಮೇಲೆ ಹಳದಿ ಕಣ್ಣಿಗೆ ಬೀಳಲಿಲ್ಲ. ಮುಂದಿನ ಹೆಜ್ಜೆ ಕಾಗದದ ಹುಳಿ ತೆಗೆಯುವುದು. ಫೋಟೊ ಮುಚ್ಚಿ, ಅಂಚಿಗೆ ಸುಣ್ಣದ ತಿಳಿನೀರು ಸಿಂಪಡಿಸಿದೆ.

ಓದುತ್ತಿರುವವರಿಗೆ ಗೊತ್ತಾಗಿರುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿದರೆ ಏನಾಗುತ್ತದೆ ಎಂದು ನಮ್ಮ ಮನೆಯ ಯಾವ ಹೆಣ್ಣುಮಗಳಾದರೂ ಹೇಳುತ್ತಾಳೆ, ಅದಕ್ಕೆ ಬಿ.ಎಸ್ಸಿ. ಬೇಕಿಲ್ಲ. ನನ್ನ ಕಣ್ಣೆದುರಿಗೇ ಫೋಟೊದ ಕೆಳಗೆ, ಆ ಅಣ್ಣ ತಂಗಿಯ ಅಪ್ಪನ ಬೂಟಿನ ಪಕ್ಕದಲ್ಲಿ ದುಂಡನೆಯ ಕೆಂಪು ಕಲೆ ಎದ್ದಿತು. ಮದುಮಕ್ಕಳಿಗೆ ಎತ್ತುವ ಆರತಿ ನೀರಿನ ಅದೇ ಬಣ್ಣ.

ಡೋರ್ನ್‌ಬಾಖ್‌ಗೆ ಹೋಗಿ ಹೇಳಿದೆ. ಅವರು ಬಂದು ಕನ್ನಡಕ ಹಾಕಿ ನೋಡಿ, ತೆಗೆದು ನೋಡಿದರು.

"ಹೋಗುತ್ತದೆಯೇ?"

"ಬಿಸಿಲಿಗೆ ಮಾಸುತ್ತದೆ. ಮಿಕ್ಕದ್ದನ್ನೆಲ್ಲ ಮುಚ್ಚಿ, ಕಲೆಯನ್ನಷ್ಟೇ ಬಿಸಿಲಿಗೆ ಹಿಡಿಯಬೇಕು."

ಅವರು ಮತ್ತೆ ಕಿಟಕಿಯ ಹತ್ತಿರ ಹೋದರು. ಎಮ್ಮೆಗೆ ನೋಡಿದ ಹಾಗೆಯೇ ಬಿಸಿಲಿಗೂ ನೋಡಿದರು. ಹೊರಗೆ ಶರತ್ಕಾಲದ ಮಂಜು. "ಏಪ್ರಿಲ್ ತನಕ ಕಾಯಬೇಕಾಗಬಹುದು. ಅಷ್ಟರೊಳಗೆ ಮಾಲೀಕರಿಗೆ ತಿಳಿಸಬೇಕು," ಎಂದರು.

ಮನೆಯಲ್ಲಿ ಗಂಡ ಎಲ್ಲ ಕೇಳಿ, "ಅಂದ್ರ ಅವರ ಅಪ್ಪಗ ಆರತಿ ಎತ್ತಿ ಬಂದಿ ಅಂದಂಗಾತು. ತಾಟಿನ್ಯಾಗ ಏನರ ಹಾಕಿದ್ರೋ ಇಲ್ಲೋ?" ಎಂದರು.

ನಮ್ಮ ಕಾರ್ಯಾಗಾರದ ಪದ್ಧತಿಯ ಪ್ರಕಾರ ಏನಾದರೂ ಹಾನಿಯಾದರೆ ಎಲ್ಲ ಮಾಲೀಕರಿಗೂ ಒಂದೇ ಹೊತ್ತಿಗೆ, ಮುಖಾಮುಖಿ, ವಸ್ತುವನ್ನು ಮುಂದಿಟ್ಟು ಹೇಳಬೇಕು. ಫೋನಿನಲ್ಲಿ ಹೇಳುವ ಹಾಗಿಲ್ಲ. ಒಬ್ಬರಿಗೆ ಮೊದಲು, ಒಬ್ಬರಿಗೆ ಆಮೇಲೆ ಎಂಬುದೂ ಇಲ್ಲ. ಹಾಗಾಗಿ ಮಂಗಳವಾರವೂ ಅಲ್ಲದ, ಗುರುವಾರವೂ ಅಲ್ಲದ ಒಂದು ಬುಧವಾರ ಅಣ್ಣ ತಂಗಿ ಒಂದೇ ಮೇಜಿನ ಎರಡು ತುದಿಗೆ ಕೂತರು. ಕೋಟು ತೆಗೆಯಲಿಲ್ಲ. ಇಬ್ಬರೂ ಡೋರ್ನ್‌ಬಾಖ್ ಜೊತೆ ಮಾತ್ರ ಮಾತಾಡಿದರು.

ನಾನು ಹಾಳೆ ಇಟ್ಟೆ. ಹೋರ್ಸ್ಟ್ ಬಗ್ಗಿ ನೋಡಿ ಬಿಳಿಚಿಕೊಂಡ.

"ರಕ್ತವೇ? ಅಪ್ಪನಿಗೆ ಗಾಯವಾಗಿತ್ತೆಂದು ಯಾರೂ ಹೇಳಿರಲಿಲ್ಲ."

"ರಕ್ತವಲ್ಲ, ಅರಿಶಿನ," ಎಂದೆ.

"ಇದರ ಮೇಲೆ ಊಟ ಮಾಡಿದಿರಾ?" ಎಂದಳು ಟ್ರೂಡ.

"ಊಟವಲ್ಲ, ಪೂಜೆ. ವರ್ಷಕ್ಕೊಮ್ಮೆ ನಾವು ಉಪಕರಣಗಳಿಗೆ ಪೂಜೆ ಮಾಡುತ್ತೇವೆ. ಪ್ರೆಸ್ಸಿಗೆ ಇಟ್ಟ ಬೊಟ್ಟು ನಿಮ್ಮ ಹಾಳೆಗೆ ಹತ್ತಿತು. ತಪ್ಪು ನನ್ನದು."

"ಪ್ರೆಸ್ಸಿಗೆ ಪೂಜೆ ಯಾಕೆ?" ಎಂದ ಹೋರ್ಸ್ಟ್.

"ಕೆಲಸದಲ್ಲಿ ಏನೂ ಎಡವಟ್ಟಾಗದಿರಲಿ ಅಂತ."

ಡೋರ್ನ್‌ಬಾಖ್ ಮೇಲ್ಛಾವಣಿ ನೋಡತೊಡಗಿದರು. ಆಗ ಟ್ರೂಡಳ ಕಡೆಯಿಂದ ಕೆಮ್ಮಿನಂಥ ಸದ್ದು ಬಂತು. ನೋಡಿದರೆ ನಗು. ಕರವಸ್ತ್ರ ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ಹೋರ್ಸ್ಟ್ ಸ್ವಲ್ಪ ಹೊತ್ತು ಗಂಟುಮುಖ ಹಾಕಿಕೊಂಡಿದ್ದು, ಅವನೂ ಸೋತ.

ನಗು ಇಳಿದ ಮೇಲೆ ಅವಳು, ಅರಿಶಿನ ಎಂದರೆ ಹಳದಿಯಲ್ಲವೇ, ಇದು ಕೆಂಪೇಕೆ ಎಂದು ಕೇಳಿದಳು. ಸುಣ್ಣದ ವಿಷಯ ಹೇಳಿದೆ. ನಮ್ಮಲ್ಲಿ ಇದನ್ನು ಬೇಕೆಂದೇ ಮಾಡುತ್ತೇವೆ, ದೂರದಿಂದ, ಬಹಳ ದಿನದ ಮೇಲೆ ಮನೆಗೆ ಬಂದವರನ್ನು ಹೊಸ್ತಿಲಲ್ಲೇ ನಿಲ್ಲಿಸಿ ಈ ಕೆಂಪು ನೀರಿನಿಂದ ಆರತಿ ಎತ್ತಿ ದೃಷ್ಟಿ ತೆಗೆದು ಒಳಗೆ ಕರೆಯುತ್ತೇವೆ ಎಂದೆ.

ಹೋರ್ಸ್ಟ್ ಡೋರ್ನ್‌ಬಾಖ್ ಕಡೆ ತಿರುಗಿ, "ನಮ್ಮ ಅಪ್ಪ ಯುದ್ಧದಿಂದ ಬಂದಾಗ ಬಾಗಿಲು ತೆರೆದದ್ದು ಇವಳು. ಮುಖ ನೋಡಿ ಮತ್ತೆ ಮುಚ್ಚಿಬಿಟ್ಟಳು," ಎಂದ.

"ನನಗೆ ಅವರು ಯಾರೆಂದು ಹೇಗೆ ಗೊತ್ತಾಗಬೇಕು?" ಎಂದಳು ಟ್ರೂಡ, ಅವಳೂ ಡೋರ್ನ್‌ಬಾಖ್‌ಗೇ. "ಅಮ್ಮ ಕೆಲಸಕ್ಕೆ ಹೋಗಿದ್ದಳು. ಗುರುತಿಲ್ಲದವರನ್ನು ಒಳಗೆ ಬಿಡಬೇಡ ಎಂದಿದ್ದಳು."

"ಸಂಜೆಯ ತನಕ ಮೆಟ್ಟಿಲ ಮೇಲೆ ಕೂತಿದ್ದರು."

"ಬ್ರೆಡ್ ಕೊಟ್ಟೆನಲ್ಲ, ಕಿಟಕಿಯಿಂದ."

"ಬೇಕರಿಯವನಿಗೆ ಬ್ರೆಡ್ಡು," ಎಂದ ಹೋರ್ಸ್ಟ್. ಈ ಸಲ ಅವನು ನೋಡಿದ್ದು ತಂಗಿಯನ್ನು. ಅವರಿಬ್ಬರ ನಡುವೆ ಎಷ್ಟೋ ವರ್ಷಗಳ ಮೇಲೆ ಆದ ಮೊದಲ ಮಾತು ಅದು.

ಮಾತು ಶುರುವಾಯಿತಲ್ಲ, ಜಗಳವೂ ಶುರುವಾಯಿತು. ಆ ಹಾಳೆಯಲ್ಲಿ ಅವರ ಅಪ್ಪ ಒಲೆಯ ಮುಂದೆ ಏಪ್ರನ್ ಕಟ್ಟಿ ನಿಂತ ಫೋಟೊ ಇತ್ತು. ಅವರ ಹೊಟ್ಟೆಯ ಮೇಲೆ ಯಾರೋ ಸೂಜಿಯಿಂದ ಒಂದು ಬಾತುಕೋಳಿ ಚುಚ್ಚಿದ್ದರು. ಅಮ್ಮ ಮಕ್ಕಳಿಗೆ ಮನೆಯಲ್ಲೂ ಆ ವಿದ್ಯೆ ಕಲಿಸುತ್ತಿದ್ದಳು. ತೂತುಗಳು ಹಾಳೆ ದಾಟಿ ಹಿಂಬದಿಯ ಕಾಗದದ ಚಾಪೆಗೂ ಹೋಗಿದ್ದವು. ಮೇಡಮ್ಮು 'ಅತ್ಯುತ್ತಮ' ಎಂದು ಬರೆದಿದ್ದ ಒಂದೇ ಚಾಪೆ ಅದು. ಅಪ್ಪನ ಹೊಟ್ಟೆ, ಅಮ್ಮನ ಮಾರ್ಕು, ಎರಡೂ ಒಂದೇ ಸೂಜಿಗೆ ಹಾಳಾಗಿದ್ದವು.

"ಇವನು ಮಾಡಿದ್ದು," ಎಂದಳು ಟ್ರೂಡ. "ನನ್ನ ಬಾತುಕೋಳಿಗಳು ಯಾವಾಗಲೂ ಎಡಕ್ಕೆ ನೋಡುತ್ತಿದ್ದವು, ಇವನವು ಬಲಕ್ಕೆ. ನೋಡಿ, ಬಲಕ್ಕೆ ನೋಡುತ್ತಿದೆ."

ಹೋರ್ಸ್ಟ್ ಹಾಳೆಯನ್ನು ಮಗುಚಿ ಹಾಕಿದ. ಅಮ್ಮನ ಚಾಪೆಯ ಮೇಲೆ ಬಾತುಕೋಳಿ ಎಡಕ್ಕೆ ನೋಡುತ್ತಿತ್ತು. "ಈ ಕಡೆಯಿಂದ ಚುಚ್ಚಿದ್ದರೆ ಯಾರದು?"

ಅವಳು ಮಗುಚಿದಳು. ಅವನು ಮಗುಚಿದ. ನನ್ನ ಜೀವ ಬಾಯಿಗೆ ಬಂದಿತ್ತು, ಹಳೆಯ ಹಾಳೆ ಅದು. ಇಬ್ಬರೂ ಕೋಟು ತೆಗೆದು ಹಾಕಿ ಎದುರುಬದುರು ಬಗ್ಗಿ ನಿಂತಿದ್ದರು. ಕೊನೆಗೆ ಹೋರ್ಸ್ಟ್ ನನ್ನನ್ನು ಕೇಳಿದ. "ಇದನ್ನು ಸೀಳಿದರೆ ಬಾತುಕೋಳಿ ಯಾರ ಪಾಲಿಗೆ ಬರುತ್ತದೆ?"

"ಇಬ್ಬರಿಗೂ ಬರುತ್ತದೆ. ನಿಮಗೆ ಬಲಕ್ಕೆ ನೋಡುವುದು, ಅವರಿಗೆ ಎಡಕ್ಕೆ ನೋಡುವುದು."

"ಯಾವ ಕಡೆಯಿಂದ ಚುಚ್ಚಿದ್ದು ಎಂದು ಆಮೇಲೆ ಗೊತ್ತಾಗುತ್ತದೆಯೇ?"

"ಇಲ್ಲ. ಸೂಜಿ ಹೊರಬಂದ ಕಡೆ ತೂತಿನ ಅಂಚು ಸ್ವಲ್ಪ ಎದ್ದಿರುತ್ತದೆ. ಅಂಟು ಹಚ್ಚಿ ಎಳೆದಾಗ ಅದು ಅಳಿಸಿಹೋಗುತ್ತದೆ."

ಅಣ್ಣ ತಂಗಿ ಒಬ್ಬರನ್ನೊಬ್ಬರು ನೋಡಿಕೊಂಡರು. ಸೀಳಿದರೆ ಇಬ್ಬರಿಗೂ ಅರ್ಧರ್ಧ ಆಲ್ಬಮ್ ಸಿಗುತ್ತಿತ್ತು. ಆದರೆ ತಾನೇ ಸರಿ ಎಂದು ಸಾಧಿಸುವ ಅವಕಾಶ ಇಬ್ಬರಿಗೂ ಹೋಗುತ್ತಿತ್ತು. ಅದನ್ನು ಬಿಟ್ಟುಕೊಡಲು ಯಾರೂ ತಯಾರಿರಲಿಲ್ಲ.

"ಹಾಗಾದರೆ ಸೀಳುವುದು ಬೇಡ," ಎಂದಳು ಟ್ರೂಡ.

"ಬೇಡ," ಎಂದ ಹೋರ್ಸ್ಟ್. "ಫ್ರಾವ್ ಹೊಸಮನಿ, ಈಗ ನೋಡಿದರೆ ನಿಮಗೆ ಗೊತ್ತಾಗುತ್ತದಲ್ಲ?"

ಭೂತಗನ್ನಡಿ ಹಿಡಿದು ನೋಡಿದೆ. ಗೊತ್ತಾಯಿತು. ಬಾಯಿ ತೆರೆದೆ. ಹೇಳುವುದಕ್ಕೆ ಎಷ್ಟು ತವಕವಿತ್ತೆಂದರೆ ಮೊದಲ ಅಕ್ಷರ ನಾಲಿಗೆಯ ತುದಿಗೆ ಬಂದಿತ್ತು.

"ನಾವು ಅಭಿಪ್ರಾಯ ಕೊಡುವುದಿಲ್ಲ," ಎಂದರು ಡೋರ್ನ್‌ಬಾಖ್.

ಇದು ಅಭಿಪ್ರಾಯವಲ್ಲ, ಕಣ್ಣಿಗೆ ಕಾಣುವ ಸಂಗತಿ ಎಂದು ಅವರಿಗೂ ಗೊತ್ತಿತ್ತು. ನನಗೂ ಆ ಕ್ಷಣದಲ್ಲೇ ತಿಳಿಯಿತು, ಮೂರನೆಯ ನಿಯಮ ಇರುವುದು ಯಾತಕ್ಕೆ ಎಂದು. ಬಾಯಿ ಮುಚ್ಚಿದೆ.

ಕಲೆಯನ್ನು ಬಿಸಿಲಿಗೆ ಹಿಡಿಯುವುದೂ ಬೇಡ ಎಂದರು. "ಆರತಿ ತಡವಾಗಿ ಆಯಿತು, ಇರಲಿ ಬಿಡಿ," ಎಂದಳು ಟ್ರೂಡ. ಆಲ್ಬಮ್ಮನ್ನು ಸರದಿಯ ಮೇಲೆ ಇಟ್ಟುಕೊಳ್ಳುವುದೆಂದಾಯಿತು, ಒಂದು ವರ್ಷ ಇವಳು, ಒಂದು ವರ್ಷ ಅವನು. ಮಕ್ಕಳಿಗೆ ತೋರಿಸುವಾಗ ಅಪ್ಪನ ಬದಿ ಬಂದರೆ ಏನು ಹೇಳುತ್ತೀ ಎಂದು ಅಣ್ಣ ಕೇಳಿದ. "ಅವರು ಕೇಳಿದಷ್ಟನ್ನು ಹೇಳುತ್ತೇನೆ. ಮಕ್ಕಳು ಮೊದಲು ಬಾತುಕೋಳಿಯನ್ನೇ ಕೇಳುತ್ತಾರೆ," ಎಂದಳು. ಒಬ್ಬರ ಮನೆಗೆ ಇನ್ನೊಬ್ಬರು ಹೋಗಲು ಮಾತ್ರ ಇಬ್ಬರೂ ಒಪ್ಪಲಿಲ್ಲ. ಕೊಡುವುದು, ತೆಗೆದುಕೊಳ್ಳುವುದು ನಮ್ಮ ಕಾರ್ಯಾಗಾರದಲ್ಲೇ, ಪ್ರೆಸ್ಸಿಗೆ ಪೂಜೆಯಾಗುವ ದಿನ ಎಂದು ತೀರ್ಮಾನವಾಯಿತು. ಅಂದು ವಾಪಸು ಹೋಗುವಾಗ ಇಬ್ಬರೂ ಒಂದೇ ಟ್ರಾಮ್ ಹತ್ತಿದ್ದನ್ನು ಡೋರ್ನ್‌ಬಾಖ್ ಕಿಟಕಿಯಿಂದ ನೋಡಿ ನನಗೆ ವರದಿ ಮಾಡಿದರು. ಬೇರೆ ಬೇರೆ ಬಾಗಿಲಿನಿಂದಂತೆ.

ಆಮೇಲೆ ಎಷ್ಟೋ ಬದಲಾಯಿತು. ಹಾಳೆ ಸೀಳುವ ಕೆಲಸ ಕೇಳುವವರೇ ಕಡಿಮೆಯಾದರು. ಸ್ಕ್ಯಾನರ್ ಬಂತು. ಎರಡೂ ಬದಿ ಸ್ಕ್ಯಾನ್ ಮಾಡಿ ಇಬ್ಬರಿಗೂ ಕೊಟ್ಟರೆ ಆಯಿತು ಎನ್ನುವ ಕಾಲ. ಗಿರಾಕಿಗಳು ಫೋನ್ ಹಿಡಿದು ಬಂದು, ಅಳಿಯನನ್ನು ಡಿಲೀಟ್ ಮಾಡಿಕೊಡಿ ಎನ್ನುತ್ತಾರೆ. ಡೋರ್ನ್‌ಬಾಖ್ ನಿವೃತ್ತರಾಗಿ, ತೀರಿಯೂ ಹೋದರು. ಅಪ್ಪನೂ ಹೋದರು, ಕೊನೆಯ ತನಕ ಊರಲ್ಲಿ ನನ್ನ ಕೆಲಸವನ್ನು "ಕೂತು ಅಂಟಸೂದು" ಎಂದೇ ಹೆಮ್ಮೆಯಿಂದ ಹೇಳಿಕೊಂಡಿದ್ದರು. ಅಣ್ಣ ತಂಗಿಗೆ ನಾನು ಸ್ಕ್ಯಾನ್ ಮಾಡಿಕೊಡಲೇ ಎಂದು ಒಮ್ಮೆ ಕೇಳಿದ್ದೆ. "ಸ್ಕ್ಯಾನಿನಲ್ಲಿ ತೂತಿನ ಅಂಚು ತಿಳಿಯುತ್ತದೆಯೇ?" ಎಂದರು. ತಿಳಿಯುವುದಿಲ್ಲ ಎಂದೆ. "ಹಾಗಾದರೆ ಬೇಡ."

ನಾನು ನಿವೃತ್ತಳಾದ ವರ್ಷ ನನ್ನ ಕೊನೆಯ ವಾರದಲ್ಲೇ ಆಯುಧ ಪೂಜೆ ಬಿದ್ದಿತ್ತು. ಕಾರ್ಯಾಗಾರ ಈಗ ಯೂಲಿಯಾ ಎಂಬ, ಬಹಳ ಓದಿಕೊಂಡ ಯುವತಿಯ ಕೈಯಲ್ಲಿದೆ. ಮೂರನೆಯ ನಿಯಮದ ಕಾಗದ ಮಾತ್ರ ಇನ್ನೂ ನನ್ನ ಮೇಜಿನ ಎದುರಿಗೇ ಇತ್ತು. ಅರಿಶಿನದ ಡಬ್ಬಿಯನ್ನು ಅವಳಿಗೆ ಕೊಟ್ಟೆ. ಅವಳು ಕೈಗವಸು ಹಾಕಿಕೊಂಡು ಸ್ಕ್ಯಾನರಿಗೆ, ಕಂಪ್ಯೂಟರಿಗೆ, ಕುಂಚಗಳಿಗೆ ಅಳತೆ ಮಾಡಿದ ಹಾಗೆ ಒಂದೊಂದು ಬೊಟ್ಟಿಟ್ಟಳು. ಪ್ರೆಸ್ಸಿನ ಹತ್ತಿರ ಹೋಗುತ್ತಿದ್ದ ಹಾಗೆ ಹಿಂದಿನಿಂದ, "ಅದಕ್ಕೆ ಹೊರಗಡೆ ಮಾತ್ರ," ಎಂದ ಹೋರ್ಸ್ಟ್. ಕೋಲೂರಿಕೊಂಡು ಬಂದಿದ್ದ. ಟ್ರೂಡಳ ತೊಡೆಯ ಮೇಲೆ ಆಲ್ಬಮ್ ಇತ್ತು, ಆ ವರ್ಷ ಕೊಡುವ ಸರದಿ ಅವಳದು.

"ಫ್ರಾವ್ ಹೊಸಮನಿ," ಎಂದಳು ಟ್ರೂಡ, "ಸೋಮವಾರದಿಂದ ನಿಮಗೆ ಯಾವ ನಿಯಮವೂ ಇಲ್ಲ. ಆಗ ಹೇಳಬಹುದಲ್ಲ?"

"ಸೋಮವಾರದಿಂದ ನನ್ನ ಹತ್ತಿರ ಭೂತಗನ್ನಡಿಯೂ ಇರುವುದಿಲ್ಲ," ಎಂದೆ.

ಅವಳು ನನ್ನನ್ನು ಬಿಟ್ಟು ನೇರ ಯೂಲಿಯಾಳ ಹತ್ತಿರ ಹೋಗಿ ಆಲ್ಬಮ್ ತೆರೆದಿಟ್ಟಳು. ಹೋರ್ಸ್ಟನೂ ಹಿಂದೆಯೇ ಹೋದ. "ನೀವು ಹೊಸಬರು. ನೋಡಿ ಹೇಳಿ, ಸೂಜಿ ಯಾವ ಕಡೆಯಿಂದ ಹೋಗಿದೆ?"

ಯೂಲಿಯಾ ಭೂತಗನ್ನಡಿ ಹಿಡಿದು ಬಗ್ಗಿದಳು. ಒಂದು ಬದಿ ನೋಡಿದಳು, ಹಾಳೆ ಮಗುಚಿ ಇನ್ನೊಂದು ಬದಿ ನೋಡಿದಳು. ಗೊತ್ತಾಯಿತೆಂದು ಅವಳ ಮುಖದಲ್ಲೇ ಕಂಡಿತು. ತಲೆ ಎತ್ತಿ ನನ್ನ ಕಡೆ ನೋಡಿದಳು. ಅವಳಿಗೆ ನಾನು ಆ ಕತೆ ಹೇಳಿರಲಿಲ್ಲ, ಈಗಲೂ ಏನೂ ಹೇಳಲಿಲ್ಲ. ಮುದುಕರಿಬ್ಬರೂ ಭುಜಕ್ಕೆ ಭುಜ ತಾಗಿಸಿ ಅವಳ ಬಾಯನ್ನೇ ನೋಡುತ್ತ ನಿಂತಿದ್ದರು.

ಅವಳು ಭೂತಗನ್ನಡಿ ಕೆಳಗಿಟ್ಟು, "ನಾವಿಲ್ಲಿ ಅಭಿಪ್ರಾಯ ಕೊಡುವುದಿಲ್ಲ," ಎಂದಳು.